ಮೊದಲ ಗೆರೆಗೆ ಅನುಮತಿ

ಬ್ರಹ್ಮಾವರದಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬೇರೆಯವರ ಕಂಪ್ಯೂಟರುಗಳ ಜಗಳ ಬಿಡಿಸುವುದು ನನ್ನ ಹೊಟ್ಟೆಪಾಡು. ಯಂತ್ರದ ತಕರಾರು ಎಂದು ಕರೆಸುತ್ತಾರೆ. ಹೋಗಿ ನೋಡಿದರೆ ಅರ್ಧಕ್ಕರ್ಧ ಮನುಷ್ಯರದ್ದೇ ಆಗಿರುತ್ತದೆ. ಅದಕ್ಕೆ ಬಿಲ್ ಹಾಕಲು ಬರುವುದಿಲ್ಲ.

ಕುಂದಾಪುರದ ಒಂದು ಆಫೀಸಿನಲ್ಲಿ ಮೀನುಗಾರಿಕೆಯ ಉಕ್ಕಿನ ಬೋಟುಗಳ ನಕ್ಷೆ ಮಾಡುತ್ತಾರೆ. ಬೋಟು ಕಟ್ಟುವ ಯಾರ್ಡು ಇರುವುದು ಬೈಂದೂರಿನ ಕಡೆ. ನಕ್ಷೆಗಳೆಲ್ಲ ಒಂದು ಸರ್ವರಿನಲ್ಲಿ, ಎಲ್ಲರೂ ತೆರೆಯಬಹುದಾದ ಒಂದೇ ಫೋಲ್ಡರಿನಲ್ಲಿ. ಪಾಸ್‌ವರ್ಡೂ ಎಲ್ಲರಿಗೂ ಒಂದೇ. ಪ್ರತ್ಯೇಕ ಮಾಡಿ ಎಂದು ನಾನು ಹಿಂದೆಯೇ ಹೇಳಿದ್ದೆ. "ನಮ್ ನಮ್ಮೊಳ್ಗೆ ಎಂತ ಬೀಗ ಮಾರಾಯ್ರೆ?" ಎಂದು ಯಜಮಾನರು ನಕ್ಕಿದ್ದರು.

ಅಲ್ಲಿ ಹಿರಿಯರೆಂದರೆ ಭಾವ. ಯಜಮಾನರ ಅಕ್ಕನ ಗಂಡ. ಯಜಮಾನರು ಹಾಗೆ ಕರೆಯುವುದನ್ನು ಕೇಳಿ ಕೇಳಿ ಇಡೀ ಆಫೀಸಿಗೇ ಭಾವ, ನನಗೂ. ಕಾಗದದ ಮೇಲೆ ಸ್ಕೇಲು ಹಿಡಿದು ಬೋಟು ಬರೆಯುತ್ತಿದ್ದವರು, ವಯಸ್ಸಾದ ಮೇಲೆ ಹಟ ಹಿಡಿದು ಕಂಪ್ಯೂಟರಿನಲ್ಲಿ ಬರೆಯಲು ಕಲಿತರು. ಅವರದ್ದು ಒಂದೇ ಚಾಳಿ. ಬೆಳಿಗ್ಗೆ ಬಂದು ನಕ್ಷೆ ತೆರೆದರೆ ಮುಚ್ಚುವುದಿಲ್ಲ. ಹಾಗೇ ಬಿಟ್ಟು ಊಟಕ್ಕೆ ಮನೆಗೆ ಹೋಗಿ, ಒಂದು ನಿದ್ದೆ ತೆಗೆದು ಬರುತ್ತಾರೆ. ಒಬ್ಬರು ತೆರೆದಿಟ್ಟ ನಕ್ಷೆಯನ್ನು ಇನ್ನೊಬ್ಬರು ತಿದ್ದಲು ಆ ಸಾಫ್ಟ್‌ವೇರ್ ಬಿಡುವುದಿಲ್ಲ. ಕಾದು ಬೇಸತ್ತ ಉಳಿದವರು ಅದರದ್ದೇ ನಕಲು ಮಾಡಿಕೊಂಡು ಅದರಲ್ಲಿ ತಿದ್ದುತ್ತಿದ್ದರು. ಹೀಗೆ ಒಂದೇ ಬೋಟಿಗೆ ಹಲವು ನಕ್ಷೆ ಹುಟ್ಟಿ, ತಿದ್ದದೆ ಉಳಿದದ್ದು ಯಾರ್ಡಿಗೆ ಹೋಯಿತು. ಎಂಜಿನ್ ಕೂರುವ ಜಾಗದ ತಗಡನ್ನು ಅಲ್ಲಿ ತಪ್ಪಾಗಿ ಕತ್ತರಿಸಿಬಿಟ್ಟರು.

ಯಜಮಾನರು ನನ್ನನ್ನು ಕರೆಸಿದರು. ಎಲ್ಲರಿಗೂ ಬೇರೆ ಬೇರೆ ಪಾಸ್‌ವರ್ಡು; ತಿದ್ದುವವರದ್ದೊಂದು ಗುಂಪು, ಬರೀ ನೋಡುವವರದ್ದೊಂದು ಗುಂಪು ಎಂದು ತೀರ್ಮಾನವಾಯಿತು. ನೋಡುವವರಲ್ಲಿ ಯಾರು ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಭಾವನ್ನ ಹಾಕಿ. ಅವ್ರ್ ಹತ್ರ ಹೇಳುಕ್ ಹೋಪ್ದ್ ಬ್ಯಾಡ."

"ಹೇಳ್ದೆ ಮಾಡುಕಾತ್ತಾ? ನಾಳೆ ಗೊತ್ತಾತ್ತಲೆ," ಎಂದೆ.

"ಅಕ್ಕನ್ ಗಂಡ ಮಾರಾಯ್ರೆ. ನಾ ಹ್ಯಾಂಗ್ ಹೇಳ್ಲಿ? ನೀವ್ ಮೆಲ್ಲ ಮಾಡಿ ಹಾಕಿ."

ಊಟಕ್ಕೆ ಹೋಗುವಾಗ ನಕ್ಷೆ ಮುಚ್ಚಿ ಹೋಗಿ ಎಂದು ಒಂದು ಮಾತು ಹೇಳಿದರೆ ಸಾಕಲ್ಲ ಎಂದೆ. ಆ ಒಂದು ಮಾತೇ ಅವರ ಬಾಯಿಗೆ ಬರುವಂತಿರಲಿಲ್ಲ. ಎದುರು ನಿಂತು ಹೇಳಲಾಗದ್ದನ್ನು ಸರ್ವರಿನ ಬಾಯಲ್ಲಿ ಹೇಳಿಸುವುದು! ನನಗೆ ಸಿಟ್ಟು ಬಂತು. ಆದರೂ ಆಫೀಸು ಅವರದ್ದು. ಸಂಜೆಯೊಳಗೆ ಮಾಡಿಟ್ಟು ಬಂದೆ. ಬಸ್ಸು ಸಾಲಿಗ್ರಾಮ ದಾಟಿದರೂ ಮನಸ್ಸಿಗೆ ಸಮಾಧಾನವಿರಲಿಲ್ಲ.

ಮರುದಿನ ಎಲ್ಲರ ಲಾಗಿನ್ ಸರಿಯಿದೆಯೇ ನೋಡಲು ಹೋದರೆ ಮೇಜಿನ ಮೇಲೆ ದೀಪ, ತೆಂಗಿನಕಾಯಿ, ಹೂವು. ಹೊಸ ಬೋಟಿನ ಮುಹೂರ್ತ. ಬೋಟು ಮಾಡಿಸುವವರು ಹೆಂಡತಿ ಸಮೇತ ಬಂದು ಕೂತಿದ್ದರು. ಆ ಆಫೀಸಿನಲ್ಲಿ ಒಂದು ಕ್ರಮವಿದೆ. ಯಾವ ಬೋಟಿನದ್ದೇ ಆಗಲಿ, ನಕ್ಷೆಯ ಮೊದಲ ಗೆರೆ, ತಳದಲ್ಲಿ ಈ ತುದಿಯಿಂದ ಆ ತುದಿಗೆ ಹೋಗುವ ಬೆನ್ನೆಲುಬಿನ ಗೆರೆ, ಭಾವನ ಕೈಯಿಂದಲೇ ಆಗಬೇಕು. ಅವರು ಗೆರೆ ಹಾಕಿದ ಬೋಟು ಸಮುದ್ರದಲ್ಲಿ ಕೈಬಿಡುವುದಿಲ್ಲ ಎಂದು ಬೋಟಿನವರ ನಂಬಿಕೆ. ಯಜಮಾನರ ಮುಖ ನೋಡಿದೆ. ಅವರಿಗೂ ಹಿಂದಿನ ದಿನ ಇದು ನೆನಪಾಗಿರಲಿಲ್ಲ. ಕಣ್ಣಲ್ಲೇ ನನ್ನ ಹತ್ತಿರ ಏನೋ ಬೇಡಿಕೊಂಡರು. ಆದರೆ ಭಾವ ಆಗಲೇ ಕೈಕಾಲು ತೊಳೆದು, ದೀಪಕ್ಕೆ ಮುಗಿದು ಕೂತಾಗಿತ್ತು.

ಗೆರೆ ನೇರವಾಗಿ ಬಂತು. ಉಳಿಸಲು ಒತ್ತಿದರು. ಈ ಫೋಲ್ಡರಿನಲ್ಲಿ ಉಳಿಸಲು ನಿಮಗೆ ಅನುಮತಿ ಇಲ್ಲ ಎಂದು ಬಂತು. ಇನ್ನೊಮ್ಮೆ ಒತ್ತಿದರು. ಅದೇ.

"ಹ್ವಾಯ್, ಇದೆಂತ ಬಂತ್ ಕಾಣಿ?" ಎಂದು ನನ್ನನ್ನು ಕರೆದರು.

"ಸರ್ವರ್ ಹಾಳಾಯ್ತ್ ಕಾಂತ್, ಭಾವ," ಎಂದು ಯಜಮಾನರು ನಡುವೆ ಬಾಯಿ ಹಾಕಿದರು.

ಮುಹೂರ್ತದ ಹೊತ್ತಿಗೆ ಹಾಳಾಯಿತು ಎಂದದ್ದು ಕೇಳಿ ಬೋಟಿನವರ ಹೆಂಡತಿಯ ಮುಖ ಸಣ್ಣದಾಯಿತು. ನಾನು ಸುಮ್ಮನಿದ್ದರೆ ಅಪಶಕುನದ ಹೆಸರೂ ಭಾವನ ಕೈಗೇ ಬರುತ್ತಿತ್ತು.

"ಹಾಳಾಯ್ಲಿಲ್ಲ. ನಿನ್ನೆ ನಾನೇ ನಿಮ್ಮನ್ನ ಬರೀ ಕಾಂಬವ್ರ ಗುಂಪಿಗೆ ಹಾಕದ್. ಈಗ್ಲೇ ಸರಿ ಮಾಡ್ತೆ," ಎಂದೆ.

ಯಾರು ಹಾಕಿಸಿದ್ದೆಂದು ನಾನು ಹೇಳಲಿಲ್ಲ. ಭಾವ ಕೇಳಲೂ ಇಲ್ಲ. ಯಜಮಾನರನ್ನು ಒಮ್ಮೆ ನೋಡಿ, ಎದ್ದು, ಕುರ್ಚಿಯನ್ನು ಅವರ ಕಡೆಗೆ ಸರಿಸಿದರು.

"ನೀ ಕೂಕೊ. ಮುಹೂರ್ತ ತಪ್ಪುಕಾಗ."

ಯಜಮಾನರು ಕೂತು, ತಮ್ಮ ಪಾಸ್‌ವರ್ಡು ಹಾಕಿ ಗೆರೆ ಎಳೆದರು. ಮೊದಲನೆಯದು ಸೊಟ್ಟ ಬಂದು, ಅಳಿಸಿ ಮತ್ತೆ ಎಳೆಯಬೇಕಾಯಿತು. ಅದು ಉಳಿಯಿತು. ಬೋಟಿನವರು ಕಾಯಿ ಒಡೆದರು.

ಮಧ್ಯಾಹ್ನದೊಳಗೆ ಭಾವನಿಗೆ ಎಲ್ಲ ಅನುಮತಿಯನ್ನೂ ವಾಪಸು ಕೊಟ್ಟೆ. ಕೊಟ್ಟುಬಿಡಿ ಎಂದು ಯಜಮಾನರೇ ನನ್ನ ಕೈಹಿಡಿದು ಹೇಳಿದ್ದರು. ಭಾವ ಈಗಲೂ ದಿನಾ ಬರುತ್ತಾರೆ. ಊಟಕ್ಕೆ ಹೋಗುವಾಗ ಎಲ್ಲವನ್ನೂ ಮುಚ್ಚಿಯೇ ಹೋಗುತ್ತಾರೆ. ಹೊಸ ಬೋಟಿನ ಮೊದಲ ಗೆರೆಗೆ ಕರೆದರೆ ಸೊಂಟನೋವು ಎನ್ನುತ್ತಾರೆ. ಮೊನ್ನೆ ನಾನು ಹೋದಾಗ ಹಳೆಯ ಬೋಟೊಂದರ ನಕ್ಷೆಯನ್ನು ತೆರೆಯದೆ, ಪರದೆಯ ಮೇಲೆ ಅದರ ಹೆಸರನ್ನಷ್ಟೇ ನೋಡುತ್ತ ಕೂತಿದ್ದರು. ಅವರೇ ಬರೆದ ನಕ್ಷೆ. ನನ್ನನ್ನು ಕಂಡವರೇ ಮೌಸಿನಿಂದ ಕೈ ತೆಗೆದರು.

"ಹ್ವಾಯ್, ಇದ್ ನಾನ್ ಓಪನ್ ಮಾಡ್ಲಕ್ಕಾ?"