ಕಲಾಯಿ ಸಾಬರ ಉಸಿರಾಡುವ ಮೀನು

ಐ.ಡಿ.ಹಳ್ಳಿಯಲ್ಲಿ ಕೋಳಿ ಇನ್ನೂ ಕೂಗಿ ಮುಗಿಸಿಲ್ಲ. ಬೇವಿನ ಮರದಡಿ ನೆಲ ತೋಡಿ, ಇದ್ದಿಲು ತುಂಬಿ, ಗುಲಾಮ್ ಮೊಹಿದ್ದೀನ್ ಆಗಲೇ ತಿದಿ ಒತ್ತುತ್ತಿದ್ದಾರೆ. ಚರ್ಮದ ತಿದಿ ಬುಸ್ ಎಂದು ಗಾಳಿ ಬಿಟ್ಟಾಗಲೆಲ್ಲ ಕೆಂಡ ನಿಗಿನಿಗಿ ಎನ್ನುತ್ತದೆ. ಕಾದ ಹಿತ್ತಾಳೆ ಬೋಗುಣಿಗೆ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಸರ್ರನೆ ಸವರುತ್ತಾರೆ. ಹೊಗೆ ಸರಿದರೆ, ಅಬ್ಬಬ್ಬಾ, ಕಪ್ಪಗಿದ್ದ ಬೋಗುಣಿಯ ಒಳಗೆಲ್ಲ ಬೆಳ್ಳಿ!

ಸಿರಾ ಪೇಟೆಯ ಈ ಕಲಾಯಿ ಸಾಬರಿಗೆ ಇದು ಅಪ್ಪನಿಂದ ಬಂದ ಕಸುಬು. ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಕೊರಟಗೆರೆ, ಪಾವಗಡದ ಹಳ್ಳಿಗಳನ್ನೆಲ್ಲ ಸುತ್ತುತ್ತಾರೆ. ಹೊಗೆ ಕುಡಿದು ಕುಡಿದು ಗಂಟಲು ಒಡೆದುಹೋಗಿದೆ. ಈ ಅರವತ್ತೆರಡನೇ ಇಸವಿಯಲ್ಲಿ ಪೇಟೆಯವರ ಅಡುಗೆಮನೆಗೆ ಸ್ಟೀಲ್ ಪಾತ್ರೆ ಬಂದಿದೆಯಾದರೂ ಹಳ್ಳಿಯ ಸಾರು ಇನ್ನೂ ಹಿತ್ತಾಳೆಯಲ್ಲೇ ಕುದಿಯುತ್ತಿದೆ. ತವರ ದುಬಾರಿ, ಸೀಸ ಅಗ್ಗ. ಸೀಸ ಬೆರೆಸಿದರೂ ಪಾತ್ರೆ ಅಷ್ಟೇ ಥಳಥಳ ಎನ್ನುತ್ತದೆ, ಮನೆಮಂದಿಗೆಲ್ಲ ಹೊಟ್ಟೆನೋವು ಶುರುವಾದಾಗಲೇ ಮೋಸ ಗೊತ್ತಾಗುವುದು. "ನಮ್ಮ ಬಂಡವಾಳ ಅಂದ್ರೆ ಮಾತೇಯ. ಅದು ಹೋದ್ರೆ ತಿದಿ ಮಾರ್ಕೊಂಡು ಮನೇಲಿ ಕೂರಾದೇ," ಎನ್ನುತ್ತಾರೆ ಸಾಬರು.

ಅಂಥ ಮಾತನ್ನು ಒಂದು ಮೀನು ನುಂಗಿ ನೀರು ಕುಡಿಯಿತು ಎಂದರೆ ನಂಬುತ್ತೀರಾ?

ಹೋದ ವರ್ಷ ಸಾಬರು ದೋಣಿಯವರ ಪಾತ್ರೆಗಳಿಗೆ ಕಲಾಯಿ ಹಾಕಲು ಮಲ್ಪೆಗೆ ಹೋಗಿದ್ದರು. ಅವರ ಜೊತೆ ಕಡಲಿಗಿಳಿದು ತಿಮಿಂಗಿಲ ಕಂಡರು. ಕಂಡವರು ಸುಮ್ಮನಿರಬಾರದೇ? ಇದೇ ಬೇವಿನ ಮರದಡಿ ಬಾಯಿ ಬಿಟ್ಟರು. "ಮನೆಗಿಂತ ದೊಡ್ಡ ಮೀನು ಕಣ್ರಮ್ಮಾ! ಈ ತಿದಿ ಇಲ್ವಾ, ಇಂಗೇ ಬುಸ್ ಅಂತ ಉಸಿರು ಬುಡ್ತು."

ಪಾತ್ರೆ ತಂದಿದ್ದ ಹೆಂಗಸರು ದಂಗಾದರು, ಆಮೇಲೆ ಬಿದ್ದು ಬಿದ್ದು ನಕ್ಕರು. ಊರಿನ ಹಿರಿಯ ಹೆಂಗಸು ಮಾರಕ್ಕ ಮಾತ್ರ ನಗಲಿಲ್ಲ. "ಮೀನ್ನ ನೀರಿಂದ ಮ್ಯಾಕ್ಕೆತ್ತುದ್ರೆ ಸಾಯ್ತದೆ. ಅದು ಗಾಳಿ ಕುಡೀತದಾ? ಮೀನಿಗೇ ಇಷ್ಟು ಸುಳ್ಳು ಬೆರೆಸೋರು ತವರಕ್ಕೆ ಸೀಸ ಬೆರೆಸಾಕಿಲ್ವಾ?"

ಮುಂದಿನ ಸಲ ಸಾಬರು ಬಂದಾಗ ಒಂದೇ ಒಂದು ಪಾತ್ರೆ ಹೊರಬರಲಿಲ್ಲ. ಸಾಬರು ಸೀಸ ಬೆರೆಸುತ್ತಾರಂತೆ ಎಂಬ ಸುದ್ದಿ ಅಕ್ಕಪಕ್ಕದ ಊರಿಗೂ ಹಬ್ಬಿತು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಊರ ಹೆಂಗಸರು ಬಸ್ಸು ಮಾಡಿಕೊಂಡು ಧರ್ಮಸ್ಥಳ, ಉಡುಪಿಗೆ ಹೊರಟರು. ಮಾರಕ್ಕ ಸಾಬರಿಗೆ ಹೇಳಿಕಳಿಸಿದಳು. "ನೀವೂ ಬಸ್ ಹತ್ತಿ ಸಾಬ್ರೇ, ಆ ಮೀನ್ನ ತೋರ್ಸಿ. ಕಾಣ್ದಿದ್ರೆ ನಮ್ಮೂರ ಕಡೀಕೆ ತಿದಿ ತರ್ಬ್ಯಾಡಿ."

ಮಲ್ಪೆಯ ಮರಳಿನ ಮೇಲೆ ನಿಂತು ಸಾಬರು ಮೊದಲೇ ಎಚ್ಚರಿಸಿದರು. "ಹೊಟ್ಟೆ ತುಂಬ ಉಣ್ಬ್ಯಾಡಿ, ದೋಣಿ ತೊಟ್ಲು ತೂಗ್ದಂಗೆ ತೂಗ್ತದೆ. ಅದು ಬರಾಕಿಲ್ಲ ಅಂದ್ರೆ ದಿನವೆಲ್ಲಾ ಬರಾಕಿಲ್ಲ. ಬಂದ್ರೂ ಇಡೀ ಮೀನು ಕಾಣಾಕಿಲ್ಲ, ಬೆನ್ನು ಅಷ್ಟೇಯ."

"ಈಗ್ಲೇ ನೆಪ ಹೇಳ್ತಾವ್ರೆ ನೋಡು," ಎಂದರು ಹೆಂಗಸರು.

ಎಲ್ಲರೂ ದೋಣಿ ಹತ್ತಿ ಕಡಲಿಗಿಳಿದರು. ಬಿಸಿಲು ನೆತ್ತಿಗೇರಿತು. ಕಣ್ಣು ಹಾಯಿಸಿದಲ್ಲೆಲ್ಲ ಬರೀ ನೀರು. ಒಂದಿಬ್ಬರು ದೋಣಿಯಂಚಿಗೆ ಬಾಗಿ ವಾಂತಿ ಮಾಡಿಕೊಂಡರು. ಅಷ್ಟರಲ್ಲಿ ದೋಣಿಯ ಪಕ್ಕದಲ್ಲೇ ಕಪ್ಪು ಬೆನ್ನುಗಳು ಛಂಗನೆ ನೆಗೆದವು. ಹೆಂಗಸರು ಕಿಟಾರನೆ ಕಿರುಚಿದರು. "ಬಂತು! ಇದೇನಾ ಸಾಬ್ರೇ?"

ಹೂಂ ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವರಲ್ಲಿ ಕಡಲು ಕಂಡವರೇ ಯಾರೂ ಇಲ್ಲ, ಯಾರು ಕೇಳುತ್ತಿದ್ದರು? ದೋಣಿಯವನು ಹೂಂ ಅನ್ನಿ ಎಂದು ಕಣ್ಣು ಮಿಟುಕಿಸಿದ್ದೂ ಆಯಿತು.

"ಇದಲ್ಲ ಕಣಮ್ಮ," ಎಂದರು ಸಾಬರು. "ಇವು ಹಂದಿಮೀನು, ಆಳುದ್ದ ಅಷ್ಟೇಯ."

ದೋಣಿಯವನು ಬಾಯಿ ಬಿಟ್ಟುಕೊಂಡು ನೋಡಿದ. ಎಂಥಾ ಮನುಷ್ಯನಪ್ಪಾ ಇವನು! ಹೊತ್ತು ಇಳಿಯಿತು, ದೋಣಿ ದಡದತ್ತ ತಿರುಗಿತು. ಸಾಬರು ಎಲ್ಲರಿಗೂ ಬೆನ್ನು ಹಾಕಿ ಕೂತರು. ಹೊಟ್ಟೆ ತೊಳಸಿ ಸುಸ್ತಾದ ಮಾರಕ್ಕ ಮುಖದ ಮೇಲೆ ಸೆರಗು ಎಳೆದುಕೊಂಡು ಒರಗಿದಳು.

ಬುಸ್!

"ಇದ್ಯಾಕೆ ಸಾಬ್ರೇ, ಇಲ್ಲಿಗೂ ತಿದಿ ತಂದ್ರಾ?" ಎಂದಳು ಸೆರಗಿನೊಳಗಿಂದ.

ಸೆರಗು ಸರಿಸಿದರೆ, ಅಯ್ಯಯ್ಯೋ, ದೋಣಿಯ ಪಕ್ಕದಲ್ಲೇ ಕೆರೆ ಏರಿಯಂಥ ಬೆನ್ನು, ಮುಗಿಯುವುದೇ ಇಲ್ಲವೇನೋ ಎನ್ನುವ ಹಾಗೆ ಸರಿಯುತ್ತಿದೆ! ಅದು ಮತ್ತೊಮ್ಮೆ ಉಸಿರು ಬಿಟ್ಟಿತು. ಕೊಳೆತ ಮೀನಿನ ವಾಸನೆಯ ತುಂತುರು ಅವಳ ಮುಖಕ್ಕೇ ಬಡಿಯಿತು. "ನಮ್ಮಪ್ಪಾ," ಎಂದು ಮಾರಕ್ಕ ದೋಣಿಯಂಚು ಹಿಡಿದುಕೊಂಡಳು. ಬೆನ್ನು ಮುಳುಗಿತು.

ಈಗ ಬೇವಿನ ಮರದ ಸುತ್ತ ಬೋಗುಣಿ, ತಪ್ಪಲೆಗಳ ರಾಶಿ. ಹೊತ್ತು ಮುಳುಗುವುದರೊಳಗೆ ಅಷ್ಟನ್ನೂ ಮುಗಿಸಬೇಕು. "ಅಲ್ಲಾನ ದಯೆ, ಆ ಮೀನು ಬಂದು ನನ್ನ ಮಾನ ಉಳಿಸ್ತು," ಎನ್ನುತ್ತಾರೆ ಸಾಬರು, ಹತ್ತಿ ಸವರುತ್ತಾ.

ತಪ್ಪಲೆ ತಂದಿದ್ದ ಮಾರಕ್ಕ ಅದನ್ನು ಠಣ್ಣನೆ ಕೆಳಗಿಡುತ್ತಾಳೆ. "ಮೀನು ಎಲ್ಲಿ ಉಳಿಸ್ತು? ಹಂದಿಮೀನು ಕಂಡಾಗ 'ಇದಲ್ಲ' ಅಂದ್ರಲ್ಲ, ಆವಾಗ್ಲೇ ಅನ್ಕೊಂಡೆ, ಊರಿಗೋಗಿ ಇವ್ರಿಗೇ ಪಾತ್ರೆ ಕೊಡಾದು ಅಂತ. ಮೀನು ಆಮ್ಯಾಕೆ ಬಂತು."

ತಿದಿಯ ಮೇಲಿನ ಕೈ ಗಕ್ಕನೆ ನಿಲ್ಲುತ್ತದೆ. ತಿಮಿಂಗಿಲ ಕಂಡಾಗಲೂ ಸಾಬರು ಹೀಗೆ ಬೆಚ್ಚಿರಲಾರರು.

"ಅಲ್ಲೇ ಒಂದು ಮಾತು ಅಂದಿದ್ರೆ ಆಗ್ತಿರ್ಲಿಲ್ವಾ ತಾಯೀ? ದೋಣಿ ತಿರುಗ್ದಾಗ ನಾನು ಅತ್ತುಬುಟ್ಟಿದ್ದೆ."

ಮಾರಕ್ಕ ಮುಖ ಅತ್ತ ತಿರುಗಿಸಿಕೊಳ್ಳುತ್ತಾಳೆ.

"ಕೆಂಡ ಆರ್ತೈತೆ," ಎನ್ನುತ್ತಾಳೆ. "ತಿದಿ ಒತ್ತಿ ಸಾಬ್ರೇ."