ಕಾಕಾನ ರೇಡಿಯೊ, ಇವತ್ತು ಮುಚ್ಚುವ ಫೋರಂ

ಹಳೇ ರೇಡಿಯೊ ರಿಪೇರಿಯ ಹುಚ್ಚಿನವರೆಲ್ಲ ಸೇರುತ್ತಿದ್ದ ನಮ್ಮ ಆನ್‌ಲೈನ್ ಫೋರಂ ಇವತ್ತು ಸಂಜೆ ಮುಚ್ಚುತ್ತದೆ. ಆ ಸುದ್ದಿ ಓದಿದಾಗ ನಾನು ಒಂದು ತಂತಿಗೆ ಸೋಲ್ಡರ್ ಹಾಕುತ್ತಿದ್ದೆ. ಕರಗುವ ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ನಾಗನೂರಿನ ನಮ್ಮ ಪಡಸಾಲೆ ಕಣ್ಣ ಮುಂದೆ ಬಂತು.

ಅಲ್ಲಿ ಅಪ್ಪನ ತಮ್ಮ, ನನ್ನ ಕಾಕಾ, ಗೋಣಿಚೀಲ ಹಾಸಿಕೊಂಡು, ವಿಭೂತಿ ಹಣೆಯ ಮೇಲೆ ಕನ್ನಡಕ ಏರಿಸಿ, ಊರವರ ರೇಡಿಯೊ ಬಿಚ್ಚುತ್ತಿದ್ದ. ಯಾವುದೋ ಬೇನೆಯಿಂದ ಅವನ ಕೈ ನಡುಗತೊಡಗಿತ್ತು. ಒಂದು ದಿನ ನನ್ನನ್ನು ಕರೆದು, ಕಾದ ಸೋಲ್ಡರಿಂಗ್ ಕಡ್ಡಿ ಕೈಗಿಟ್ಟು, "ನೀ ಹಿಡಿ ಮಗಳ, ನಾ ಹೇಳ್ತೇನಿ" ಎಂದ.

"ಹುಡುಗಿ ಕೈ ಸುಟ್ಟಗೊಂಡ್ರ?" ಎಂದು ಅವ್ವ ಗದರಿದಳು.

"ನಾನೂ ಸುಟ್ಟಗೊಂಡ ಕಲತೇನ್ರಿ ವೈನಿ," ಎಂದ ಕಾಕಾ ತನ್ನ ಅತ್ತಿಗೆಗೆ.

ತಂತಿ ಬೆಸೆದೆ. ರೇಡಿಯೊ ಕೊರ್ ಎಂದು ಮಾತಾಡಿದಾಗ ಕಾಕಾ ಓಣಿಗೆಲ್ಲ ಕೇಳುವಂತೆ, "ನಮ್ಮ ಹುಡುಗಿ ಮಾಡ್ಯಾಳ ನೋಡ್ರಿ!" ಎಂದು ಕೂಗಿದ.

ಕಾಕಾ ತೀರಿಕೊಂಡ ಮೇಲೆ ತಿಳಿಯದ್ದನ್ನು ಕೇಳಲು ಯಾರೂ ಇರಲಿಲ್ಲ. ಮದುವೆಯಾಗಿ ಮೂಡಲಗಿಗೆ ಬಂದ ಎಷ್ಟೋ ವರ್ಷಗಳ ನಂತರ ಈ ಫೋರಂ ಸಿಕ್ಕಿತು. ದಿನವೂ ಓದಿದೆ, ಸಂಕೋಚಕ್ಕೆ ಒಂದು ಸಾಲೂ ಬರೆಯಲಿಲ್ಲ. ಇವತ್ತು ಮೊದಲ ಸಲ ಕಾಕಾನ ಈ ಕಥೆ ಅಲ್ಲಿ ಹಾಕಿದೆ.

ಹುಕ್ಕೇರಿಯ ಹಿರಿಯ ಸದಸ್ಯರೊಬ್ಬರು ಕೂಡಲೇ ಬರೆದರು: "ಇಷ್ಟ ದಿನಾ ಎಲ್ಲಿದ್ದಿ ತಂಗಿ? ನಾವೆಲ್ಲಾ ಇಲ್ಲೇ ಇದ್ವಿ."