ಸೌಕಾಮ್ ಅಕ್ಕನಿಗೆ ಸಾಯಲೊಂದು ಜಾಗ

ದಕ್ಷಿಣ ಚೀನಾದ ನಮ್ಮ ಕಡೆ ಹುಡುಗಿಯರು ಜಡೆ ಬಿಚ್ಚಿ ತುರುಬು ಕಟ್ಟುವುದು ಮದುವೆಯ ದಿನ. ಸೌಕಾಮ್ ಅಕ್ಕ ಮದುವೆಯಿಲ್ಲದೆಯೇ ತನ್ನ ತುರುಬನ್ನು ತಾನೇ ಕಟ್ಟಿಕೊಂಡವಳು. ಕರುಣೆಯ ದೇವಿ ಕ್ವಾನ್‌ಯಾಮ್ ತಾಯಿಯ ಮುಂದೆ ಕೂತು, ಯಾವ ಗಂಡಿನ ಮನೆಗೂ ಹೋಗೆನೆಂದು ಆಣೆಯಿಟ್ಟು, ಕೂದಲು ಬಾಚಿ ಗಂಟು ಹಾಕಿಕೊಂಡಳು. ಆಮೇಲೆ ಕನ್ನಡಿ ನೋಡಿ, "ಅಯ್ಯೋ, ನನ್ನ ಕಿವಿ ಇಷ್ಟು ದೊಡ್ಡದಾ?" ಎಂದಳಂತೆ. ರೇಷ್ಮೆ ಗಿರಣಿಯಲ್ಲಿ ಇಂಥವರು ಬೇಕಾದಷ್ಟು ಮಂದಿ ಇದ್ದೆವು. ಕುದಿಯುವ ನೀರಿನಲ್ಲಿ ಗೂಡು ಅದ್ದಿ ನೂಲು ಬಿಚ್ಚುವುದು ನಮ್ಮ ಕೆಲಸ. ಇಡೀ ಗಿರಣಿ ಹಬೆಯಲ್ಲಿ ಮುಳುಗಿರುತ್ತಿತ್ತು, ಪಕ್ಕದವಳ ಮುಖ ಕಾಣದಿದ್ದರೂ ಹಾಡು ಕೇಳಿಸುತ್ತಿತ್ತು. ನನಗೆ ಈಗಲೂ ಆ ವರ್ಷಗಳು ನೆನಪಾಗುವುದು ಹಾಗೆಯೇ, ಬಿಳಿ ಹಬೆಯೊಳಗಿಂದ.

ತಾನೇ ತುರುಬು ಕಟ್ಟಿಕೊಂಡವಳು ತವರಿನಲ್ಲಿ ಇರಬಹುದು, ದುಡಿದು ಹಾಕಬಹುದು, ತಮ್ಮನ ಮಕ್ಕಳ ಮೂಗು ಒರೆಸಬಹುದು. ಆದರೆ ಅಲ್ಲಿ ಸಾಯುವ ಹಾಗಿಲ್ಲ. ಸತ್ತರೆ ಮನೆತನಕ್ಕೆ ಕೇಡು. ಈ ಕಟ್ಟಳೆ ಮಾಡಿದವನು ಯಾರೋ, ಅವನ ಬಾಯಿಗೆ ಮಣ್ಣು ಬೀಳಲಿ. ಅದಕ್ಕೇ ನಾವೆಲ್ಲ ಸೇರಿ ಕಾಲುವೆಯ ದಂಡೆಯಲ್ಲಿ ಒಂದು ಮನೆ ಮಾಡಿಕೊಂಡಿದ್ದೆವು, ಒಟ್ಟಿಗೆ ಮುದುಕಿಯರಾಗಲು, ಕೊನೆಗೆ ಅಲ್ಲೇ ಕಣ್ಣು ಮುಚ್ಚಲು.

ಜಪಾನಿ ಸೈನ್ಯ ಬಂದ ಮೇಲೆ ಗಿರಣಿ ಮುಚ್ಚಿತು. ಆ ಮನೆ ಸುಟ್ಟು ಬೂದಿಯಾಯಿತು. ನಾವು ದಿಕ್ಕಿಗೊಬ್ಬರಾದೆವು. ಸೌಕಾಮ್ ಅಕ್ಕ ತಮ್ಮ ಗಾನ್‌ನ ಮನೆ ಸೇರಿದಳು. ಗಾನ್ ಒಳ್ಳೆಯವನೇ, ಆದರೆ ಯಾರು ಜೋರಾಗಿ ಮಾತಾಡುತ್ತಾರೋ ಅವರ ಮಾತಿಗೆ ತಲೆಯಾಡಿಸುವವನು. ಅಕ್ಕನಿಗೆ ಜ್ವರ ಹತ್ತಿ ಕಣ್ಣು ಮೇಲಾದಾಗ ಅವನ ಹೆಂಡತಿ ಮೂಯ್‌ಫಾನ್ ಹೆದರಿ ಹೋದಳು. ಎರಡು ಚಿಕ್ಕ ಮಕ್ಕಳಿದ್ದ ಮನೆ. ಗಂಡ ಹೆಂಡತಿ ಸೇರಿ ಅಕ್ಕನನ್ನು ಚಾಪೆಯ ಸಮೇತ ಎತ್ತಿ, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಮಲಗಿಸಿ ಬಂದರು.

ಸುದ್ದಿ ಬಾಯಿಂದ ಬಾಯಿಗೆ ಬಂದು ನಮ್ಮನ್ನು ಮುಟ್ಟಿತು. ನಮ್ಮಲ್ಲಿ ಹಿರಿಯಳಾದ ವಾನ್‌ಲಿನ್ ಅಕ್ಕ ನಿಂತ ಕಾಲಲ್ಲೇ ಹೊರಟಳು. ನಮ್ಮ ದಪ್ಪಗಿನ ತೋಯ್ ಅಕ್ಕ ತನ್ನಪ್ಪನ ದೋಣಿ ತಂದಳು. ಕೆರೆಯ ಕೆಸರು ಬಾಚಿ ತೋಟಕ್ಕೆ ಹಾಕುವ ದೋಣಿ, ವಾಸನೆ ಕೇಳಬೇಡಿ. ಎಲ್ಲರಿಗಿಂತ ಕಿರಿಯಳಾದ ನಾನು ಅದನ್ನು ತಿಕ್ಕಿ ತೊಳೆದೆ. ಬಿದಿರು ಬಗ್ಗಿಸಿ ಮೇಲೆ ಚಾಪೆ ಹೊದಿಸಿದೆವು.

ಬದುವಿನ ಮೇಲೆ ಮಂಜಿತ್ತು. ಅಕ್ಕ ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತ ಮಲಗಿದ್ದಳು, ಇಲ್ಲದ ಗೂಡಿನಿಂದ ಎಳೆ ಹುಡುಕುತ್ತ.

"ಗಿರಣಿ ಸೀಟಿ ಆಯ್ತಲ್ಲೇ, ಏಳಿ," ಎಂದಳು ನಮ್ಮನ್ನು ನೋಡಿ. ಆಮೇಲೆ ಗುರುತು ಹಿಡಿದು ನನ್ನ ಕೈ ಹಿಡಿದುಕೊಂಡಳು. "ಪುಟ್ಟಿ, ಸಾಯೋದಕ್ಕೆ ಹೆದರಿಕೆ ಇಲ್ಲ ಕಣೇ. ಹೀಗೆ ದಾರೀಲಿ ಬೇಡ. ನಾಯಿ ಸತ್ತ ಹಾಗೆ ಬೇಡ."

"ದಾರೀಲಿ ಯಾಕೆ? ಮನೆಗೆ ಹೋಗೋಣ," ಎಂದಳು ವಾನ್‌ಲಿನ್ ಅಕ್ಕ.

"ಯಾವ ಮನೆ? ಸುಟ್ಟೋಯ್ತಲ್ಲ."

"ನಾವಿನ್ನೂ ಸುಟ್ಟಿಲ್ಲವಲ್ಲ. ಏಳು."

ಆ ದಿನಗಳನ್ನು ಹೇಗೆ ಹೇಳಲಿ? ಹಸಿವಿಗೆ ನಮಗೆಲ್ಲ ತಲೆ ಹಗುರಾಗಿತ್ತು. ದೋಣಿ ತೇಲುತ್ತಿದೆಯೋ, ದಡಗಳೇ ಹಿಂದಕ್ಕೆ ನಡೆಯುತ್ತಿವೆಯೋ ತಿಳಿಯುತ್ತಿರಲಿಲ್ಲ. ಕಾಲುವೆಯಿಂದ ಕಾಲುವೆಗೆ ಹೋದೆವು. ಯಾರು ಹೇಳಿದ್ದರೋ, ದಡದ ಪ್ರತಿ ಮೆಟ್ಟಿಲ ಬಳಿ ಮಂಜಿನೊಳಗೆ ನಮ್ಮಂಥ ಒಬ್ಬ ತುರುಬಿನ ಹೆಂಗಸು ನಿಂತಿರುತ್ತಿದ್ದಳು. ಒಬ್ಬಳು ಶುಂಠಿ ಕೊಟ್ಟಳು, ಒಬ್ಬಳು ಗೆಣಸಿನ ಸೊಪ್ಪು. ಕೊಡಲು ಏನೂ ಇಲ್ಲದವಳು ದೋಣಿಗಿಳಿದು ಅಕ್ಕನ ಪಾದ ತಿಕ್ಕಿ ಹೋದಳು. ಗಂಜಿ ಎಂದರೆ ಬರೀ ನೀರು, ಆದರೂ ಮೊದಲ ಗುಟುಕು ಅಕ್ಕನಿಗೇ.

"ಇದು ಮನೇನಾ?" ಎಂದು ಅಕ್ಕ ಕೇಳುವಳು.

"ಮನೇನೇ," ಎನ್ನುವಳು ತೋಯ್ ಅಕ್ಕ.

"ಮತ್ತೆ ಯಾಕೆ ಅಲ್ಲಾಡ್ತಿದೆ?"

"ನಿನಗೆ ಜ್ವರ. ಅದಕ್ಕೆ ಹಾಗನ್ಸುತ್ತೆ."

"ಸುಳ್ಳಿ! ಮನೆ ಅಡಿಯಲ್ಲಿ ಬಾತುಕೋಳಿ ಕೂಗುತ್ತಾ?"

ನಾವು ಹೊಟ್ಟೆ ಹಿಡಿದು ನಕ್ಕೆವು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ. ಅಕ್ಕನೂ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. ಆ ಸಂಜೆ ಅವಳ ಹಣೆ ಬೆವರಿತು. ಬೆಳಗಾದಾಗ ಮೈ ತಣ್ಣಗಿತ್ತು. ನಾನು ಗಾಬರಿಯಾಗಿ ಮೂಗಿನ ಹತ್ತಿರ ಬೆರಳು ಹಿಡಿದರೆ, "ತೆಗೆಯೇ, ಕಚಗುಳಿ ಆಗುತ್ತೆ," ಎಂದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಬದುಕಿದ್ದು ಗಟ್ಟಿಯಾದ ಮೇಲೆ ಅವಳಿಗೆ ಬೇರೆ ಭಯ ಹತ್ತಿತು. "ವಾಸಿಯಾದೆ ಅಂತ ನನ್ನನ್ನ ಅಲ್ಲಿಗೆ ವಾಪಸ್ ಕಳಿಸ್ತೀರಾ?" ಎಂದು ಕೇಳಿದಳು.

"ಸಾಯೋಕೆ ಬಿಡದ ಮನೇಲಿ ಬದುಕೋದು ಹ್ಯಾಗೆ?" ಎಂದಳು ವಾನ್‌ಲಿನ್ ಅಕ್ಕ. "ಎಲ್ಲಿಗೂ ಕಳಿಸಲ್ಲ. ತೆಪ್ಪಗೆ ಕೂತು ಸೊಪ್ಪು ಬಿಡಿಸು."

ಹೀಗೆ ದೋಣಿಯೇ ನಮ್ಮ ಮನೆಯಾಯಿತು. ಜೊಂಡಿನ ನಡುವೆ ನಿಲ್ಲಿಸಿಕೊಂಡು, ಸೀಗಡಿ ಹಿಡಿದು, ಬಸವನಹುಳು ಹೆಕ್ಕಿ ದಿನ ದೂಡಿದೆವು. ಸೈನಿಕರು ರಸ್ತೆಯಲ್ಲಿ ಬರುತ್ತಿದ್ದರು, ಹೋಗುತ್ತಿದ್ದರು. ಜೊಂಡಿನೊಳಗೆ ಯಾರೂ ಇಣುಕಲಿಲ್ಲ.

ಚಳಿ ಶುರುವಾದಾಗ ಗಾನ್‌ನನ್ನು ಹೊರೆ ಹೊರಲು ಸೈನಿಕರು ಹಿಡಿದುಕೊಂಡು ಹೋದರೆಂದು ಕೇಳಿದೆವು. ಅಕ್ಕ ಅಂದು ಏನೂ ತಿನ್ನಲಿಲ್ಲ.

ಕೆಲವು ದಿನಗಳ ಮೇಲೆ, ಮಂಜು ಇನ್ನೂ ನೀರಿನ ಮೇಲೆ ಮಲಗಿದ್ದಾಗ, ದಡದಲ್ಲಿ ಒಂದು ಹೆಣ್ಣಿನ ಆಕಾರ ಕಂಡಿತು. ಮತ್ತೊಬ್ಬ ತುರುಬಿನವಳು ಎಂದುಕೊಂಡೆ. ಹತ್ತಿರ ಹೋದರೆ ಮೂಯ್‌ಫಾನ್. ಬೆನ್ನಿಗೊಂದು ಮಗು, ಕೈಯಲ್ಲೊಂದು ಮಗು. ಅವಳ ಮನೆ ಲೂಟಿಯಾಗಿತ್ತು. ಅವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

"ಅಕ್ಕಾ, ಮಕ್ಕಳಿಗೆ ಮಾತ್ರ ಜಾಗ ಕೊಡು," ಎಂದಳು. "ನಾನು ಹೇಗೋ ಇರ್ತೀನಿ."

ತೋಯ್ ಅಕ್ಕ ದೋಣಿ ನೂಕುವ ಜಲ್ಲೆಯನ್ನು ಕೈಯಲ್ಲಿ ಬಿಗಿ ಹಿಡಿದಳು. ಅವಳು ದೋಣಿಯನ್ನು ಹಿಂದಕ್ಕೆ ನೂಕಿದ್ದರೆ ನಾನು ಬೇಡವೆನ್ನುತ್ತಿರಲಿಲ್ಲ, ನನಗೆ ಅಷ್ಟು ಸಿಟ್ಟಿತ್ತು. ವಾನ್‌ಲಿನ್ ಅಕ್ಕ ಸೌಕಾಮ್ ಅಕ್ಕನ ಕಡೆ ತಿರುಗಿದಳು. ಹೇಳಬೇಕಾದವಳು ಸೌಕಾಮ್ ಅಕ್ಕ ಒಬ್ಬಳೇ.

ಅವಳು ಮೂಯ್‌ಫಾನ್‌ಳನ್ನು ನೋಡಿದಳು, ಮಕ್ಕಳನ್ನು ನೋಡಿದಳು.

"ತೋಯ್, ಆ ನಿನ್ನ ಗುಡ್ಡದಂಥ ಮೈಯನ್ನ ಸ್ವಲ್ಪ ಆ ಕಡೆ ಸರಿಸೇ," ಎಂದಳು. ಮಕ್ಕಳನ್ನು ತಾನೇ ಕೈ ಚಾಚಿ ಒಳಗೆ ಎಳೆದುಕೊಂಡಳು. ಆಮೇಲೆ ದಡದ ಕಡೆ ತಿರುಗಿದಳು.

"ನೀನೇನು ಅಲ್ಲೇ ನಿಂತೆ? ಬಾ. ಈ ಮನೇಲಿ ಬದುಕಲೂಬಹುದು, ಸಾಯಲೂಬಹುದು. ಯಾರೂ ಎತ್ತಿ ಆಚೆ ಹಾಕಲ್ಲ."

ಮೂಯ್‌ಫಾನ್ ಅಳುತ್ತ ಕಾಲಿಟ್ಟಾಗ ದೋಣಿ ಒಂದು ಕಡೆಗೆ ವಾಲಿತು. ನಾವೆಲ್ಲ ಸರಿದು ಕೂತೆವು.